ಬಸ್ಸು ನಿಲ್ಲಿಸಿದ ಪೆನ್ನು

ಶಿರಹಟ್ಟಿ ತಾಲೂಕು ಕಚೇರಿಯ ಮುಂದೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಚಾಚಾ, ಪ್ರತಿ ಸಲವೂ ಪೆನ್ನನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮಸಿಯ ಸಪ್ಪಳ ಕೇಳುತ್ತಿದ್ದರು. "ಅವಸರ ಮಾಡಬ್ಯಾಡ್ರಿ, ಅಕ್ಷರ ಸಿಟ್ಟಾಗ್ತಾವ" ಅನ್ನುತ್ತಿದ್ದರು. ಅವರ ಪೆನ್ನಿನ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಎದುರಿಗೆ ಕಂಪ್ಯೂಟರ್ ಅಂಗಡಿ ಬಂದ ಮೇಲೆ ಗಿರಾಕಿಗಳೂ ಕಡಿಮೆಯಾಗಿದ್ದರು.

ಆ ಕಂಪನಿ ಮತ್ತೆ ಶುರುವಾಯಿತೆಂದು ತಿಳಿದು ನಾನೊಂದು ಹೊಸ ಪೆನ್ನು ತರಿಸಿಕೊಟ್ಟೆ. ಚಾಚಾ ಅದನ್ನು ಮೂಸಿದರು, ಒಂದು ಗೆರೆ ಎಳೆದರು, ಎದ್ದು ನಿಂತುಬಿಟ್ಟರು.

"ಇವತ್ತ ಎಲ್ಲಾರಿಗೂ ಪುಕ್ಕಟೆ ಬರೀತೀನಿ."

ಜನ ಸಾಲುಗಟ್ಟಿದರು. ಬೆಳ್ಳಟ್ಟಿ ಊರಿನ ಅಜ್ಜಿಯೊಬ್ಬಳಿಗೆ ಅರ್ಜಿಯಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

"ಏನರ ಬರಿಯಪ್ಪಾ, ಚಂದ ಕಾಣಬೇಕು."

"ಏನ್ ಬೇಕ ಹೇಳ ಯವ್ವಾ."

"ಬಸ್ಸು ನಮ್ಮ ಮನಿ ಮುಂದ ನಿಂದರಲಿ."

ಚಾಚಾ ನಗುತ್ತ ಎರಡು ಪುಟ ಬರೆದರು. ಅಜ್ಜಿ ಅದನ್ನು ಬಸ್ ಡಿಪೋಗೆ ಕೊಟ್ಟೇ ಬಂದಳು.

ವಾರದೊಳಗೆ ಡಿಪೋದ ಸಾಹೇಬರು ಅರ್ಜಿ ಹಿಡಿದುಕೊಂಡು ಚಾಚಾನ ಹತ್ತಿರ ಬಂದರು.

"ಇಂಥಾ ಅಕ್ಷರ ನಾ ನೋಡಿದ್ದಿಲ್ರಿ. ನನ್ನ ಮಗಳ ಲಗ್ನಪತ್ರಿಕಿ ನೀವ ಬರೀಬೇಕು."

"ಬರೀತೀನ್ರಿ ಸಾಹೇಬ್ರ. ಮೊದಲ ಬಸ್ಸು ನಿಂದರಲಿ."

ಲಗ್ನಕ್ಕೆ ಅಜ್ಜಿ ಆ ಬಸ್ಸಿನಲ್ಲೇ ಬಂದಳು, ತನ್ನ ಮನೆಯ ಬಾಗಿಲಲ್ಲೇ ಹತ್ತಿ.