ಅಪ್ಪ ಬಣ್ಣ ಬಳಿದ ತಗಡಿನ ದೋಣಿ

ನಾನು ಚಿಕ್ಕವನಿದ್ದಾಗ ಎಂದ ಕೂಡಲೇ ಮೊಮ್ಮಕ್ಕಳು ನೀವಿಬ್ಬರೂ ಮೊಬೈಲು ಕೈಗೆತ್ತಿಕೊಳ್ಳುತ್ತೀರಿ. ಎತ್ತಿಕೊಳ್ಳಿ, ನನಗೇನು! ಆದರೆ ಹೋದ ವಾರ ನೀವು ಮಾಡಿದ ಘನಕಾರ್ಯ ನೋಡಿದ ಮೇಲೆ ಇದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ.

ಆಗ ನಾವು ರಾಜಾಜಿನಗರದ ಒಂದು ಹೆಂಚಿನ ಮನೆಯಲ್ಲಿದ್ದೆವು. ಹೆಂಚಿನಿಂದ ಇಳಿಯುವ ಮಳೆನೀರನ್ನು ಹಿಡಿದು ಮೂಲೆಯ ಡ್ರಮ್ಮಿಗೆ ಸಾಗಿಸಲು ಸೂರಿನ ಉದ್ದಕ್ಕೂ ಒಂದು ತಗಡಿನ ದೋಣಿ ಇತ್ತು. ಅದು ತುಕ್ಕು ಹಿಡಿದು ತೂತು ಬಿದ್ದಿತ್ತು. ತೂತಿನಿಂದ ಇಳಿದ ನೀರು ಸೂರಿನ ಮರದ ಗುಂಟ ಒಳಕ್ಕೆ ಹರಿದು, ಸರಿಯಾಗಿ ಜಗಲಿಯಲ್ಲಿದ್ದ ಹೊಲಿಗೆ ಮಷೀನಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಮಷೀನು ಅಮ್ಮನದು. ಅಮ್ಮ ತೀರಿಕೊಂಡ ಮೇಲೆ ಅಕ್ಕ ಅದರ ಮುಂದೆ ಕೂತಳು. ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಮಷೀನಿನ ಎಣ್ಣೆ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಅಮ್ಮನ ನೆನಪಾಗುತ್ತದೆ. ಒಳಗೆ ಬೆಳಕೂ ಇಲ್ಲ, ಜಾಗವೂ ಇಲ್ಲ. ಅದಕ್ಕೆ ಜಗಲಿಯೇ ಗತಿ.

ತಗಡಿನ ಕೆಲಸದವರನ್ನು ಕರೆಸೋಣ ಎಂದು ಅಕ್ಕ ಹೇಳಿ ಹೇಳಿ ಸೋತಳು. ಅಪ್ಪ ಆಫೀಸಿನಲ್ಲಿ ಗುಮಾಸ್ತರು. ಪೆನ್ನಿಗಿಂತ ಭಾರವಾದದ್ದನ್ನು ಎತ್ತಿದವರಲ್ಲ, ಆದರೆ ಜಗತ್ತಿನ ಎಲ್ಲ ಕೆಲಸವೂ ತಮಗೆ ಗೊತ್ತು ಎಂಬ ಜಂಬ.

"ಅವರ್ಯಾಕೆ? ನಾನಿಲ್ವಾ? ಈ ಭಾನುವಾರ ಬಿಟ್ಟಿಯಾಗಿ ಮಾಡಿ ತೋರಿಸ್ತೀನಿ. ನಾನು ಮಾಡಿದ ಮೇಲೂ ಸೋರಿದ್ರೆ ಮಷೀನು ಮಾರಿಬಿಡೋದೇ. ತುಕ್ಕು ಹಿಡಿಸಿಕೊಂಡು ಯಾಕೆ ಇಟ್ಕೋಬೇಕು?" ಎಂದರು. ಅಕ್ಕ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ತಲೆಗೆ ಟವಲು ಸುತ್ತಿಕೊಂಡು ಸುಣ್ಣ, ಬೆಲ್ಲ, ಹತ್ತಿ ಸೇರಿಸಿ ಒರಳಿನಲ್ಲಿ ಕುಟ್ಟಿದರು. ಹಳೇ ಕಾಲದ ಕೋಟೆ ಕಟ್ಟಿದ್ದೇ ಇದರಲ್ಲಿ ಎಂದು ಹೋಗಿ ಬರುವವರಿಗೆಲ್ಲ ಭಾಷಣ. ಏಣಿಯ ಮೂರನೇ ಮೆಟ್ಟಿಲು ದಾಟಲು ಮಾತ್ರ ಧೈರ್ಯವಿಲ್ಲ. ಅಲ್ಲಿಂದಲೇ ಕೈ ಚಾಚಿ ದೋಣಿಯ ಕೆಳಭಾಗಕ್ಕೆ ಆ ಅಂಟನ್ನು ಮೆತ್ತಿದರು. ನೀರು ಹರಿಯುವುದು ಒಳಗೆ, ಅಪ್ಪ ಮೆತ್ತಿದ್ದು ಹೊರಗೆ! ಅದು ಒಣಗುವ ಮೊದಲೇ ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನೂ ಬಳಿದರು. ಬೀದಿಗೆ ಕಾಣುವಷ್ಟೇ ಅವರ ಪಾಲಿಗೆ ಮನೆ. ನಾನು ಏಣಿ ಹಿಡಿದುಕೊಂಡು "ಎಷ್ಟು ಚೆನ್ನಾಗಿದೆ ಅಪ್ಪ!" ಎಂದೆ. ನಾನೂ ಅಂಥವನೇ.

ಅಪ್ಪ ಸ್ನಾನ ಮಾಡಿ, ಉಂಡು, ಹೊರಗೆ ಹೋದರು. ಮಧ್ಯಾಹ್ನ ಒಂದು ಮಳೆ ಬಂತು. ಬೆಲ್ಲದ ವಾಸನೆಯ ಕಂದು ನೀರು, ಅದರ ಜೊತೆಗೆ ಬೆಲ್ಲಕ್ಕೆ ಮುತ್ತಿದ್ದ ಇರುವೆಗಳು, ಎಲ್ಲ ಸೇರಿ ಮಷೀನಿನ ಮೇಲೆ ಇಳಿದವು. ಅಕ್ಕ ಗೋಣಿಚೀಲ ಹೊದಿಸಿ, ಅದರ ಮೇಲೆ ತಾನೂ ಬಾಗಿ ನಿಂತಳು. ಅವಳ ಬೆನ್ನೆಲ್ಲ ಒದ್ದೆ.

ಮಳೆ ನಿಂತ ಕೂಡಲೇ ಸೀರೆಯ ಸೆರಗು ಸಿಕ್ಕಿಸಿಕೊಂಡಳು. "ಏಣಿ ಗಟ್ಟಿಯಾಗಿ ಹಿಡ್ಕೊಳೋ. ಅಪ್ಪ ಬರೋದ್ರೊಳಗೆ ಸೋರೋದು ನಿಲ್ಬೇಕು" ಎಂದು ಏಣಿಯ ತುದಿಯವರೆಗೂ ಹತ್ತಿದಳು. ದೋಣಿಯೊಳಗೆ ಇಣುಕಿ ನೋಡಿದಳು. ಕೊಳೆತ ಎಲೆ, ಗೇಣುದ್ದ ಕೆಸರು, ಹಕ್ಕಿಯ ಪುಕ್ಕ, ನಾನು ಕಳೆದುಕೊಂಡಿದ್ದ ಬುಗುರಿ! ಅಪ್ಪ ಒಮ್ಮೆಯೂ ಒಳಗೆ ನೋಡಿರಲಿಲ್ಲ. ಅಕ್ಕ ಎಲ್ಲವನ್ನೂ ಬಾಚಿ ಬಿಸಾಡಿದಳು. ಆ ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ.

ಆಮೇಲೆ ಚೊಂಬಿನಲ್ಲಿ ನೀರು ಹುಯ್ದು, ಎಲ್ಲೆಲ್ಲಿ ತೊಟ್ಟಿಕ್ಕುತ್ತದೋ ಅಲ್ಲಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೀಟು ಎಳೆದಳು. ನಾಲ್ಕು ತೂತು. ದೋಣಿ ನಡುವೆ ಜೋತುಬಿದ್ದು ನೀರು ನಿಲ್ಲುತ್ತಿದ್ದದ್ದೂ ಆಗಲೇ ಕಂಡಿತು. ಅದನ್ನು ತಂತಿಯಿಂದ ಎತ್ತಿ ಕಟ್ಟಿದಳು. ಇಟ್ಟಿಗೆ ಚೂರಿನಿಂದ ತುಕ್ಕನ್ನು ಉಜ್ಜಿ, ಒರೆಸಿ, ಬಿಸಿಲಿಗೆ ಒಣಗಲು ಬಿಟ್ಟಳು. ಬೀದಿಯ ಕೊನೆಯಲ್ಲಿ ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಡಾಂಬರಿನ ಗಟ್ಟಿಯನ್ನು ನಾನು ತಂದೆ. ಅದನ್ನು ಹಳೇ ಡಬ್ಬದಲ್ಲಿ ಕಾಯಿಸಿ, ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳಿಗೆ ಹಚ್ಚಿ, ಒಳಗಿನಿಂದ ತೇಪೆ ಹಾಕಿದಳು. ನೀರು ಬರುವ ಕಡೆಯ ತುಂಡಿನ ಅಂಚು ಮುಂದಿನ ತುಂಡಿನ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಅಪ್ಪನಿಗೆ ಇದನ್ನು ಹೇಳುವವರು ಯಾರು!

ಸಂಜೆ ಮತ್ತೆ ಮೋಡ ಕವಿದು ಹನಿ ಶುರುವಾಗುವ ಹೊತ್ತಿಗೆ ಅಪ್ಪ ಬಂದರು. ಜೊತೆಗೆ ಮಷೀನು ಕೊಳ್ಳಲು ಬಂದ ಸುಂಕದಕಟ್ಟೆಯ ಹಳೇ ಸಾಮಾನಿನ ವ್ಯಾಪಾರಿ. ಅಂದರೆ ತಮ್ಮ ಕೆಲಸದ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ! ಅಕ್ಕನ ಮುಖ ಬಿಳಿಚಿಕೊಂಡಿತು.

ಮಳೆ ಹುಯ್ಯಿತು. ಎಲ್ಲರೂ ಜಗಲಿಯ ಮೇಲೆ ನಿಂತೆವು. ನೀರು ದೋಣಿಯಲ್ಲಿ ಸರಸರನೆ ಹರಿದು ಡ್ರಮ್ಮಿಗೆ ಧುಮುಕಿತು. ಮಷೀನಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ವ್ಯಾಪಾರಿ ಮೇಲೆ ನೋಡಿ, "ಏನ್ ಸಾರ್, ಸೋರುತ್ತೆ ಅಂದ್ರಲ್ಲ?" ಎಂದ.

ಅಪ್ಪನೂ ಮೇಲೆ ನೋಡಿದರು. ಎದೆ ಉಬ್ಬಿತು. "ಬೆಳಿಗ್ಗೆ ನಾನೇ ರಿಪೇರಿ ಮಾಡ್ದೆ. ಸುಣ್ಣ ಬೆಲ್ಲ ಕಣ್ರೀ!"

ಡಾಂಬರು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಮರೆಸಿಕೊಂಡು ಅಕ್ಕ ಮೆಲ್ಲಗೆ ಹೇಳಿದಳು: "ಹೌದು, ಅಪ್ಪನೇ ಮಾಡಿದ್ದು. ಸೋರೋದು ನಿಂತ ಮೇಲೆ ಮಷೀನು ಮಾರೋದು ಬೇಡ, ಅಲ್ವಾ ಅಪ್ಪ?"

ಅಪ್ಪ ಹೂಂ ಎಂದು, ವ್ಯಾಪಾರಿಗೆ ಕಾಫಿ ತರಲು ಹೇಳಿದರು. ಇಲ್ಲ, ಮಾರೋಣ ಎನ್ನಬೇಕಾದರೆ ರಿಪೇರಿ ತಮ್ಮದಲ್ಲ ಎನ್ನಬೇಕು. ವ್ಯಾಪಾರಿ ಕಾಫಿ ಕುಡಿದು ಹೊರಟ. ಆಮೇಲೆ ಎಷ್ಟೋ ವರ್ಷ ಅಪ್ಪ ಆ ದೋಣಿ ತೋರಿಸಿ ಬೀಗಿದರು. ಮಾಡಿದ್ದು ಅಕ್ಕ ಎಂದು ನಾನು ಯಾರಿಗೂ ಹೇಳಲಿಲ್ಲ. ಅವತ್ತು ಅಪ್ಪ ಖುಷಿಯಲ್ಲಿ ಕೊಡಿಸಿದ ಬೋಂಡಾ ನನ್ನ ಬಾಯಿ ತುಂಬ ಇತ್ತು. ಅಪ್ಪನನ್ನು ಆಡಿಕೊಳ್ಳುವಾಗಲೆಲ್ಲ ಈ ಬೋಂಡಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ನಿಮ್ಮ ವಿಷಯ. ಆರ್‌ಪಿಸಿ ಲೇಔಟಿನ ಈ ಮನೆಯ ಮಹಡಿಯಲ್ಲಿ ಶೀಟು ಹೊದಿಸಿದ ಜಾಗ ಇದೆಯಲ್ಲ, ಅದರ ಅಂಚಿನ ದೋಣಿ ಸೋರಿತು. ನೀವು ಒಂದು ವಿಡಿಯೋ ನೋಡಿ, ಫಳಫಳ ಹೊಳೆಯುವ ಟೇಪು ತರಿಸಿ, ಸ್ಟೂಲಿನ ಮೇಲೆ ನಿಂತು ಅಂಟಿಸಿದಿರಿ. ಎಲ್ಲಿಗೆ? ಕೆಳಗಿನಿಂದ, ಹೊರಗಡೆಗೆ! ಆಮೇಲೆ ಪಕ್ಕದಲ್ಲಿ ನಿಂತು ಫೋಟೋ, ಸ್ಟೇಟಸ್ಸು, ಹೊಗಳಿಕೆ. ಅಪ್ಪನಿಗೆ ಪಾಪ ಒಂದು ಬೀದಿ ಮಾತ್ರ ಇತ್ತು, ನಿಮಗೆ ಊರೆಲ್ಲ ಇದೆ. ಮೊನ್ನೆ ಮಳೆ ಬಂದಾಗ ನೀರು ಎಲ್ಲಿ ಬಿತ್ತು ಎಂದು ಮಾತ್ರ ನೀವು ಯಾರಿಗೂ ತೋರಿಸಲಿಲ್ಲ. ಅಲ್ಲಿ ಮೂಲೆಯಲ್ಲಿ ಚಾದರ ಮುಚ್ಚಿ ಇಟ್ಟಿರುವುದು ಏನು ಗೊತ್ತೇ? ಅಕ್ಕ ಸಾಯುವ ಮುಂಚೆ ನನಗೆ ಕೊಟ್ಟುಹೋದ ಅದೇ ಮಷೀನು. ಚಾದರ ಒದ್ದೆಯಾಗಿತ್ತು.

ನಾಳೆ ಬೆಳಿಗ್ಗೆ ಏಣಿ ತರಿಸುತ್ತೇನೆ. ನನ್ನ ಮಂಡಿ ಕೇಳುವುದಿಲ್ಲ, ನೀವೇ ತುದಿಯವರೆಗೂ ಹತ್ತಿ ಒಳಗೆ ನೋಡಬೇಕು. ಅವತ್ತಿನ ಹಾಗೆ ನಾನು ಏಣಿ ಹಿಡಿದುಕೊಂಡಿರುತ್ತೇನೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳುತ್ತೇನೆ. ಚೆನ್ನಾಗಿದ್ದರೆ, ಯಾರು ಮಾಡಿದರು ಎಂದು ಬೀದಿಗೆಲ್ಲ ಕೂಗಿ ಹೇಳುತ್ತೇನೆ.