ಅಕ್ಕ ಭಾವನ ಹೂಗಳನ್ನು ದಾಟಿಸಿದ್ದು

ನಮ್ಮಕ್ಕ ಸ್ವೆಟರ್ ಹೆಣೆದೇ ಸಂಸಾರಕ್ಕೆ ಹೆಗಲು ಕೊಟ್ಟವಳು. ಶಾಲೆಯ ಮೆಟ್ಟಿಲನ್ನು ನಾವಿಬ್ಬರೂ ಹೆಚ್ಚು ಹತ್ತಿದವರಲ್ಲ. ಆದರೆ ಕಲಿಯುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಿದವರಲ್ಲ.

ಭಾವ ರತ್ನಗಂಬಳಿ ಕಾರ್ಖಾನೆಗೆ ಹೂಬಳ್ಳಿಯ ನಮೂನೆ ಮಾಡಿಕೊಡುತ್ತಿದ್ದರು. ಮನೆಯ ಕಂಪ್ಯೂಟರಿನಲ್ಲೇ ಚೌಕಕ್ಕೆ ಚೌಕ ಕೂಡಿಸಿ ಹೂ ಅರಳಿಸುತ್ತಿದ್ದರು. ಕಾಯಿಲೆ ಬಿದ್ದೆದ್ದ ಮೇಲೆ ಬಲಗೈ ನಡುಗತೊಡಗಿತು. "ಕೈ ಹೋಯ್ತು, ಹೂನೂ ಹೋಯ್ತು ಬಿಡು" ಎಂದವರು ಮತ್ತೆ ಆ ಕೋಣೆಗೆ ತಲೆ ಹಾಕಲಿಲ್ಲ. ಇತ್ತ ಕಂಪ್ಯೂಟರಿಗೂ ಮುಪ್ಪು. ಫ್ಲಾಪಿ ಹಾಕಿದರೆ ಓದದು, ಬರೆಯದು. ಪರದೆ ದಿನೇದಿನೇ ಮಂಕಾಗುತ್ತಿತ್ತು. ಅದು ಕಣ್ಣು ಮುಚ್ಚಿದರೆ ಭಾವನ ಜೀವಮಾನದ ಹೂಗಳೆಲ್ಲ ಮಣ್ಣುಪಾಲು.

ಅಕ್ಕ ಗುಜರಿ ಅಂಗಡಿಯಲ್ಲಿ ಇನ್ನೊಂದು ಹಳೆಯ ಕಂಪ್ಯೂಟರ್ ಹುಡುಕಿ ತಂದಳು. ಎರಡರ ಬೆನ್ನಿನಲ್ಲೂ ಸೀರಿಯಲ್ ಕಿಂಡಿಯಿತ್ತು. ನಡುವೆ ಕೇಬಲ್ ಕಟ್ಟಿದರೆ ಫೈಲುಗಳು ಅದರಿಂದ ಇದಕ್ಕೆ ಸಾಗಬೇಕು. ಅಂಗಡಿಯ ಕೇಬಲ್ ಹಾಕಿದರೆ ಎರಡೂ ತುಟಿ ಪಿಟಕ್ಕೆನ್ನಲಿಲ್ಲ.

"ಇಬ್ರೂ ಒಂದೇ ಎಳೇಲಿ ಮಾತಾಡ್ತಿದ್ದಾರೆ ಕಣೋ, ಕೇಳೋರ್ಯಾರು? ಇದರ ಬಾಯಿ ಅದರ ಕಿವಿಗೆ ಹೋಗ್ಬೇಕು" ಎಂದಳು ಅಕ್ಕ.

"ನೀನೂ ಭಾವನೂ ಹಂಗೇ ತಾನೆ?" ಎಂದೆ.

"ಸುಮ್ನೆ ಟಾರ್ಚ್ ಹಿಡಿ."

ಕೇಬಲ್ಲಿನ ಎರಡು ಎಳೆಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದಳು. ಎರಡೂ ಕಡೆ ಒಂದೇ ವೇಗ ಇಟ್ಟಳು. ಫೈಲು ಇರುವೆಯ ಹಾಗೆ ಹೊರಟಿತು. ಅರ್ಧ ದಾರಿಯಲ್ಲಿ ಭಾವನ ಕಂಪ್ಯೂಟರ್ ಸ್ತಬ್ಧ. ವೇಗ ಇಳಿಸಿದಳು, ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು, ಊಹೂಂ. ಎಂಥದಕ್ಕೂ ಜಗ್ಗದ ಅಕ್ಕನ ಕಣ್ಣಲ್ಲಿ ನೀರಾಡಿತು.

ಅವಳ ಗೊಣಗಾಟ ಕೇಳಿ ಭಾವ ಬಾಗಿಲಿಗೆ ಬಂದರು. ಧೂಳು ಬೀಳಬಾರದೆಂದು ಆ ಕಂಪ್ಯೂಟರಿಗೆ ಅಕ್ಕ ಉಣ್ಣೆಯ ಹೊದಿಕೆ ಹೆಣೆದು ತೊಡಿಸಿದ್ದಳು; ಕೆಲಸಕ್ಕೆ ಕೂತಾಗಲೂ ತೆಗೆದಿರಲಿಲ್ಲ.

"ಅಲ್ವೇ, ಅದಕ್ಕೂ ಸ್ವೆಟರ್ ತೊಡ್ಸಿದ್ದೀಯಲ್ಲ! ಒಳಗೆ ಬೇಯ್ತಿದೆ ಅದು."

"ವಯಸ್ಸಾದ್ದಕ್ಕೆ ಚಳಿ ಆಗಲ್ವಾ?" ಎಂದು ಸಿಡುಕುತ್ತಲೇ ಹೊದಿಕೆ ಎಳೆದಳು. ಬಿಸಿ ಮುಖಕ್ಕೇ ಹೊಡೆಯಿತು. ನನಗೆ ನಗು ತಡೆಯಲಾಗಲಿಲ್ಲ.

ಆರಲು ಬಿಟ್ಟು ಮತ್ತೆ ಹಚ್ಚಿದೆವು. ಭಾವ ಬಳಸುತ್ತಿದ್ದ ಪ್ರೋಗ್ರಾಮೂ ಬಂತು, ಅದರ ಹಿಂದೆ ನಮೂನೆಗಳು ಒಂದೊಂದಾಗಿ ದಾಟಿದವು. ಎಲ್ಲ ಮುಗಿದ ಮೇಲೆ ಅಕ್ಕ ಒಂದನ್ನು ತೆರೆದಳು. ಬಳ್ಳಿ, ಎಲೆ, ನಡುವೆ ದೊಡ್ಡ ಹೂ.

ಭಾವ ಬಹಳ ಹೊತ್ತು ನೋಡಿದರು. "ಈ ಎಸಳು ಡೊಂಕಾಗಿದೆ."

ಅಕ್ಕನ ಮುಖ ಬಾಡಿತು. "ಕೇಬಲ್‌ನಲ್ಲಿ ಬರ್ತಾ ಕೆಟ್ಟೋಯ್ತೇನ್ರೀ?"

"ಇಲ್ವೇ. ನಾನು ಮಾಡಿದ್ದೇ ಡೊಂಕು. ಆಗ ಕಣ್ಣಿಗೆ ಬೀಳಲಿಲ್ಲ. ಸ್ವಲ್ಪ ಆ ಕಡೆ ಸರಿ, ನೋಡೋಣ."

ಅಕ್ಕ ಕುರ್ಚಿ ಬಿಟ್ಟಳು. ಭಾವ ಕುಳಿತು, ನಡುಗುವ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡರು. ಎಡಗೈಯ ಒಂದು ಬೆರಳಿನಿಂದ ಕೀಲಿ ಒತ್ತುತ್ತ, ಚೌಕದಿಂದ ಚೌಕಕ್ಕೆ, ಆ ಎಸಳಿನ ಕಡೆಗೆ ನಿಧಾನವಾಗಿ ಹೊರಟರು.