ಪುಟ್ಟಿಗೆ ಮುಖ ಬರೆದವರು

ಮೇಸ್ತ್ರಿ ಮಾಮನ ಎಡಗಾಲಿನ ಕಣಕಾಲ ಎಲುಬಿನಲ್ಲಿ ಒಂದು ತಗ್ಗಿತ್ತು. ಜಳಕ ಮಾಡಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಆ ತಗ್ಗಿನಲ್ಲಿ ಒಂದಿಷ್ಟು ನೀರು ನಿಂತು ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಕಟ್ಟೆಯ ಮೇಲೆ ದಿನವೂ ಕೂಡುತ್ತಿದ್ದವರು ನಾವೇ: ಮಾಮ, ಅಡಕೆ ಕತ್ತರಿಸುತ್ತ ಕೂಡುವ ಅವರ ಹೆಂಡತಿ, ನನ್ನ ಗಂಡ, ನಾನು, ಮತ್ತೆ ಕುರಿ ದೊಡ್ಡಿಗೆ ಹೊಡೆದು ಮೈತುಂಬ ಕುರಿವಾಸನೆ ಹೊತ್ತು ಬರುವ ನನ್ನ ತಮ್ಮ. ತಮ್ಮನಿಗೆ ಆ ತಗ್ಗು ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ.

"ಮಾಮಾ, ಅದು ಹೆಂಗಾತ್ರಿ?"

"ನೂರು ಸಲ ಹೇಳೀನಲ್ಲೋ."

"ಇನ್ನೊಂದು ಸಲ ಹೇಳ್ರಿ."

"ಸಮುದ್ರ ಕೊಟ್ಟ ಬಟ್ಲ ಇದು. ಇಷ್ಟು ದೂರ ಬಂದು ಬರಿಗೈಲೆ ಹೋಗಬ್ಯಾಡ ಅಂತ ಕೊಟ್ಟು ಕಳಿಸ್ಯಾಳ ತಾಯಿ."

"ಬಟ್ಲ ಕೊಟ್ಟಳು, ಬುದ್ಧಿ ಕೊಡೋದು ಮರತಳು," ಎಂದು ಅತ್ತಿ ಅಡಕತ್ತರಿಯ ಕಡೆ ನೋಡುತ್ತಲೇ ಹೇಳುತ್ತಿದ್ದಳು. ಮಾಮನ ಹೆಂಡತಿಯನ್ನು ಊರೆಲ್ಲ ಅತ್ತಿ ಎಂದೇ ಕರೆಯುತ್ತಿತ್ತು.

ನಮ್ಮೂರು ತೆಲುಗು ಸೀಮೆಗೆ ಸೇರಿದ ಮಕ್ತಲಿನಿಂದ ಕೃಷ್ಣೆಯ ಕಡೆ ಇಳಿದರೆ ಸಿಗುತ್ತದೆ. ಆಚೆ ದಂಡೆ ಗದ್ವಾಲ ಸೀಮೆ. ಮಾಮನ ಹಿರಿಯರು ಅಂಬಿಗರು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಹೊರಗೆ ತಾಡಪತ್ರಿ ಬಿಗಿದು, ಡಾಂಬರು ಬಳಿದ ದುಂಡನೆಯ ಪುಟ್ಟಿಯಲ್ಲಿ ಜನರನ್ನು ದಾಟಿಸಿ ಬದುಕಿದವರು. ಸೇತುವೆ ಬಂದು ಜನ ಬಸ್ಸು ಹತ್ತಿದ ಮೇಲೆ ಮಾಮ ಹುಟ್ಟು ಕೆಳಗಿಟ್ಟು ಗಾರೆ ಕೆಲಸದ ಕರಣಿ ಹಿಡಿದರು. ನಮ್ಮ ಸೀಮೆಯ ಗಂಡು ಹೆಣ್ಣು ಕೂಡಿದ ಗುಂಪು ಕಟ್ಟಿಕೊಂಡು, ಎಲ್ಲಿ ಕಾಂಕ್ರೀಟು ಹಾಕುತ್ತಾರೋ ಅಲ್ಲಿಗೆ ನಡೆದರು. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಆ ಗುಂಪಿಗೆ ಸೇರಿದೆವು. ಎಷ್ಟು ದೂರ ಹೋದರೂ ಜೋಳದ ಹಿಟ್ಟಿನ ಚೀಲ ಬಿಟ್ಟು ಮಾಮ ರೈಲು ಹತ್ತುತ್ತಿರಲಿಲ್ಲ. ಲೆಕ್ಕ ಹೇಳುವಾಗ ತೆಲುಗು, ಸಲಾಮು ಹೊಡೆಯುವಾಗ ಉರ್ದು. ಬೈಗುಳಕ್ಕೆ ಮಾತ್ರ ಕನ್ನಡವೇ ಆಗಬೇಕು. "ತಾಯಿ ಮಾತಿನಾಗ ಬೈದ್ರ ಯಾರಿಗೂ ಸಿಟ್ಟು ಬರಂಗಿಲ್ಲ," ಎನ್ನುತ್ತಿದ್ದರು. ನಮಗೆ ಸಿಟ್ಟೂ ಬರುತ್ತಿತ್ತು, ನಗೆಯೂ ಬರುತ್ತಿತ್ತು.

ಒಂದು ವರ್ಷ ಆಂಧ್ರದ ಕಡಲ ದಂಡೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಬೆಸ್ತರ ಸಣ್ಣ ದೋಣಿಗಳನ್ನು ನೀರಿಗೆ ಇಳಿಸಲು ಕಾಂಕ್ರೀಟಿನ ಇಳಿಜಾರು ಕಟ್ಟಬೇಕು. ರ‍್ಯಾಂಪು ಎನ್ನುತ್ತಿದ್ದರು. ಅಲ್ಲಿ ಅಲೆಗೆ ಅಡ್ಡವಾಗಿ ಒಂದು ಗೋಡೆಯಿಲ್ಲ, ಗುಡ್ಡವಿಲ್ಲ. ಎದುರಿಗೆ ಬಟ್ಟಬಯಲು ಸಮುದ್ರ. ಉಬ್ಬರ ಇಳಿದಾಗ ಕಾಂಕ್ರೀಟು ಹಾಕಬೇಕು, ಅದು ಬಿಗಿಯುವ ಮೊದಲೇ ಅಲೆ ಬಂದು ಸಿಮೆಂಟು ನೆಕ್ಕಿಕೊಂಡು ಹೋಗುತ್ತದೆ. ಗಟ್ಟಿಯಾದ ಭಾಗದ ಮೇಲೆ ಹಸಿರು ಪಾಚಿ ಹತ್ತಿ ಕಾಲಿಟ್ಟರೆ ಜಾರುತ್ತದೆ. ಉಪ್ಪು ನಮ್ಮ ಸಲಿಕೆಯನ್ನೂ ತಿಂದಿತು, ಅಂಗೈಯ ಬಿರುಕನ್ನೂ ತಿಂದಿತು. ಅಂತೂ ರ‍್ಯಾಂಪು ಮುಗಿಯಿತು.

ಮುಗಿದ ದಿನ ಒಂದು ಸಣ್ಣ ದೋಣಿ ಇಳಿಸಿ ನೋಡಬೇಕಿತ್ತು. ಬೆಸ್ತರು ಮುಂದೆ ಬಂದರೆ ಮಾಮ ಕೈ ಅಡ್ಡ ಹಿಡಿದರು. "ನಾ ಹುಟ್ಟಿದ್ದೇ ನೀರಾಗ. ಬಿಡ್ರಿ ಇತ್ಲಾಗ." ನಮ್ಮ ಗಂಡಸರು ದೋಣಿಯ ಅಂಚು ಹಿಡಿದು, ಪುಟ್ಟಿ ಇಳಿಸುವ ಹಾಗೆಯೇ ತಂದು ನೀರಿನಲ್ಲಿ ಇಟ್ಟರು. ಪುಟ್ಟಿ ದುಂಡಗಿರುತ್ತದೆ, ಅದಕ್ಕೆ ಹಿಂದು ಮುಂದು ಇಲ್ಲ. ಹೇಗಿಟ್ಟರೂ ಅದು ಪುಟ್ಟಿಯೇ. ಹೊಳೆಯ ಮಂದಿಯಾದ ನಮಗೆ ದೋಣಿಯನ್ನು ಅಡ್ಡ ಇಡಬಾರದೆಂಬ ಯೋಚನೆಯೇ ಬರಲಿಲ್ಲ. ಮಾಮ ದಂಡೆಯ ಕಡೆ ನಿಂತು, ಒಳಗೆ ಕಾಲಿಡಲು ಹೊರಟರು. ಅಲೆ ಬಂತು. ಅಡ್ಡ ನಿಂತ ದೋಣಿಯನ್ನು ಎತ್ತಿ, ರ‍್ಯಾಂಪಿನ ಮೇಲಕ್ಕೇ ಒಗೆಯಿತು. ದೋಣಿಗೂ ಕಾಂಕ್ರೀಟಿಗೂ ನಡುವೆ ಮಾಮನ ಕಾಲಿತ್ತು.

ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿ ಬಂದು ತನ್ನ ಸೆರಗು ಹರಿದು ಕಾಲಿಗೆ ಕಟ್ಟಿದಳು. ಕಟ್ಟುತ್ತಲೇ ಬೈದಳು: "ಇದಿ ಗಂಪ ಕಾದಯ್ಯಾ, ಪಡವ. ದೀನಿಕಿ ಮೊಹಂ ಉಂಟುಂದಿ." ಇದು ಬುಟ್ಟಿಯಲ್ಲಪ್ಪ, ದೋಣಿ, ಇದಕ್ಕೊಂದು ಮುಖ ಇರುತ್ತದೆ ಎಂದು.

ಮಾಮನಿಗೆ ನೋವಿಗಿಂತ ಆ ಮಾತೇ ಹೆಚ್ಚು ನಾಟಿತು. ಕಾಲು ಕೂಡುವತನಕ ಊರಿಗೆ ಹೋಗೋಣ ಎಂದರೆ ಒಲ್ಲೆ ಎಂದರು. ದಿನವೂ ಕೋಲೂರಿಕೊಂಡು ಹೋಗಿ ರ‍್ಯಾಂಪಿನ ತಲೆಯ ಮೇಲೆ ಕೂತು ಬೆಸ್ತರು ದೋಣಿ ಇಳಿಸುವುದನ್ನು ನೋಡುತ್ತಿದ್ದರು. ದೊಡ್ಡ ಅಲೆಗಳು ಒಂಟಿಯಾಗಿ ಬರುವುದಿಲ್ಲ, ಬೀಗರ ಹಾಗೆ ಗುಂಪು ಕಟ್ಟಿಕೊಂಡೇ ಬರುತ್ತವೆ, ಅವು ಹೋದ ಮೇಲೆ ನೀರು ಸ್ವಲ್ಪ ಉಸಿರು ತಕ್ಕೊಳ್ಳುತ್ತದೆ, ಆಗ ಬಿಡಬೇಕು. ದೋಣಿಯ ಮುಖ ಅಲೆಗೇ ಇರಬೇಕು. ದೋಣಿಗೂ ದಂಡೆಗೂ ನಡುವೆ ಯಾರೂ ನಿಲ್ಲಬಾರದು. ಹೇಳುವ ಬಾಯಿ ಒಂದೇ ಇರಬೇಕು. ಎಲ್ಲಕ್ಕಿಂತ ಅವರಿಗೆ ಸೋಜಿಗವಾದದ್ದು ದೋಣಿಗಳು ತಿರುಗಿ ಬರುವ ರೀತಿ. ದಂಡೆ ಹತ್ತಿರವಾಗುತ್ತಲೇ ಬೆಸ್ತರು ದೋಣಿ ತಿರುಗಿಸಿ, ಮುಖ ಸಮುದ್ರಕ್ಕೆ ಕೊಟ್ಟು, ಹಿಂದೆ ಹಿಂದೆ ಸರಿಯುತ್ತ ಬರುತ್ತಿದ್ದರು. "ಮನೀಗೆ ಬರುವಾಗೂ ಆಕೀಗೆ ಬೆನ್ನು ಕೊಡಂಗಿಲ್ಲ ನೋಡು," ಎಂದು ಮಾಮ ಅತ್ತಿಯ ಮುಂದೆ ಬೆರಗಿನಿಂದ ಹೇಳಿದರು.

"ಮನ್ಯಾಗ ನನಗ ಮಾತ್ರ ಬೆನ್ನು ಕೊಟ್ಟೇ ಮಲಗತೀರಿ," ಎಂದಳು ಅತ್ತಿ.

ಊರಿಗೆ ಮರಳಿದ ಮೇಲೆ ಮಾಮ ಮೊದಲು ಮಾಡಿದ ಕೆಲಸ, ತಮ್ಮ ಹಳೆಯ ಪುಟ್ಟಿ ಹೊರತೆಗೆದು, ಅದರ ಅಂಚಿನ ಒಂದು ಕಡೆ ಸುಣ್ಣದಿಂದ ಎರಡು ಕಣ್ಣು ಬರೆದು, ನಡುವೆ ಕುಂಕುಮ ಇಟ್ಟದ್ದು. ಅದರ ನೇರ ಹಿಂದುಗಡೆ ನೀರಿಗೆ ಇಳಿಯುವ ಹಾಗೆ ಒಂದು ಹಲಗೆ ಬಿಗಿದರು. "ಮುಖ ಇದ್ದಮ್ಯಾಲೆ ಬಾಲಾನೂ ಬೇಕಲ್ಲ." ಆ ಹಲಗೆ ಇದ್ದರೆ ಪುಟ್ಟಿ ಗರಗರ ತಿರುಗುವುದಿಲ್ಲ ಎಂಬುದು ಅವರ ವಾದ. ಊರೆಲ್ಲ ನಕ್ಕಿತು. ಫೈಬರ್ ದೋಣಿಗೆ ಇಂಜಿನು ಹಾಕಿಕೊಂಡು ಮೀನು ಹಿಡಿಯುವ ಒಬ್ಬನಿದ್ದ. ಅವನಂತೂ ದಂಡೆಯ ಮೇಲೆ ಹೊರಳಾಡಿ ನಕ್ಕ.

"ಮಾಮಾ, ರೊಟ್ಟಿಗೆ ಮುಖ ಯಾವ್ದರಿ?"

"ನಿನ್ನ ಹೆಂತಿ ಮದ್ಲ ಬೇಸಿದ ಕಡಿ. ನಿನಗ ಯಾವಾಗೂ ಹೊತ್ತಿದ್ದ ಕಡಿ ಸಿಗತೈತಿ, ಅದಕ್ಕ ಗೊತ್ತಿಲ್ಲ."

ಮಾಮನಿಗೆ ಆ ಮುಖದ ಮಾತು ಬಾಳಿಗೆಲ್ಲ ಒದಗಿತು. ನನ್ನ ಮಗಳು ನಾರಾಯಣಪೇಟೆಯ ಮಗ್ಗದ ಮನೆಯ ಹುಡುಗನನ್ನು ತಾನೇ ಮೆಚ್ಚಿಕೊಂಡಾಗ ನಾನು ಆ ಊರಿನ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದೆ. ಮಾಮ ಕರೆದು, "ಅಡ್ಡ ತಿರುಗಬ್ಯಾಡ ತಾಯಿ. ಅಡ್ಡ ತಿರುಗಿದ್ರೇ ಮುಳುಗೋದು. ಮುಖ ಕೊಟ್ಟು ಹೋಗು," ಎಂದರು. ಹೋದೆ. ಈಗ ನಾನು ಉಟ್ಟಿರುವ ಸೀರೆ ಆ ಅಳಿಯ ನೇಯ್ದದ್ದು.

ಮುಂದೆ ಅಣೆಕಟ್ಟಿನ ಹಿನ್ನೀರು ಹರಡಿ, ನಮ್ಮ ದಂಡೆಗೂ ರ‍್ಯಾಂಪು ಬಂತು. ಕಟ್ಟಿದ್ದು ನಮ್ಮ ಗುಂಪೇ, ಜಾಗ ಆರಿಸಿದ್ದು ಮಾಮನೇ. ಒಂದು ಕಡೆ ಕರಿಬಂಡೆ, ಇನ್ನೊಂದು ಕಡೆ ಹಿರಿಯರ ಗೋರಿಗಳು. ನಡುವೆ ಉಳಿದ ಜಾಗದಲ್ಲಿ ಹೊಳೆ ಹೊರಳುವುದರಿಂದ ರ‍್ಯಾಂಪಿನ ಬಾಯಿ ಪಡುವಣಕ್ಕೇ ಬಂತು. ಆಷಾಢ ಶ್ರಾವಣದಲ್ಲಿ ರಾಯಚೂರ ಕಡೆಯಿಂದ ಬೀಸುವ ಗಾಳಿಗೆ ಆ ಅಗಲ ನೀರಿನ ಮೇಲೆ ಒಂದು ಮರವೂ ಅಡ್ಡವಿಲ್ಲ. ಅಲೆ ಎದ್ದು ರ‍್ಯಾಂಪಿಗೆ ಫಟ್ ಫಟ್ ಎಂದು ಬಡಿಯುತ್ತಿತ್ತು. "ಉಪ್ಪೊಂದಿಲ್ಲ ನೋಡು. ಉಳಿದದ್ದೆಲ್ಲಾ ಅದಾ," ಎನ್ನುತ್ತಿದ್ದರು ಮಾಮ. ಗಾಳಿಯ ಕಾಲದಲ್ಲಿ ಯಾರೂ ಕರೆಯದಿದ್ದರೂ ಬೆಳಿಗ್ಗೆ ಹೋಗಿ ರ‍್ಯಾಂಪಿನ ತಲೆಯ ಮೇಲೆ ನಿಲ್ಲುತ್ತಿದ್ದರು. ತಾನು ಕಟ್ಟಿದ ದಾರಿಯಲ್ಲಿ ಹೋಗುವವರು ನೆಟ್ಟಗೆ ಹೋಗಿ ಬರಬೇಕು ಎಂಬುದು ಅವರ ಹಟ. ಮಕ್ತಲ್ ಬಸ್‌ಸ್ಟ್ಯಾಂಡಿನ ಕಂಟ್ರೋಲರು ಎಂದು ಹುಡುಗರು ಹೆಸರಿಟ್ಟಿದ್ದರು.

ಅಂಥ ಒಂದು ಶ್ರಾವಣದ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ತಮ್ಮ. ಹಿಂದಿನ ದಿನ ನೀರು ಕಡಿಮೆಯಿದೆಯೆಂದು ಕುರಿಗಳನ್ನು ಮೇಯಿಸಲು ಹೊಳೆಯ ನಡುವಿನ ದಿಬ್ಬಕ್ಕೆ ಹೊಡೆದುಕೊಂಡು ಹೋದವನು ಅಲ್ಲೇ ಉಳಿದಿದ್ದ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು.

"ಅಕ್ಕಾ, ನೀರು ಬನ್ನಿಗಿಡದ ಬುಡಕ್ಕ ಬಂತು. ಯಾರನ್ನರ ಕಳಸು. ಫೋನಿನ್ಯಾಗ ಚಾರ್ಜಿಲ್ಲ..."

ಅಷ್ಟೇ. ನಮ್ಮ ಮನೆತನದಲ್ಲಿ ಯಾರಿಗೂ ಈಜು ಬರುವುದಿಲ್ಲ. ನಮ್ಮ ಕುರಿಗಳಿಗೂ ಬರುವುದಿಲ್ಲವೇನೋ.

ನಾನು ರ‍್ಯಾಂಪಿಗೆ ಓಡಿ ಬರುವುದರೊಳಗೆ ಫೈಬರ್ ದೋಣಿಯವನು ಇಂಜಿನು ಹಚ್ಚಿಯೇ ಬಿಟ್ಟಿದ್ದ. ಅವಸರದವನು, ನೀರು ಮೊಣಕಾಲಿಗಿರುವಾಗಲೇ ಹೊರಟ. ಇಂಜಿನಿನ ರೆಕ್ಕೆ ಕಾಂಕ್ರೀಟಿಗೆ ತಾಕಿ ಕಿರ್ ಎಂದಿತು, ದೋಣಿ ಅಡ್ಡ ತಿರುಗಿತು, ಅಲೆ ಅದನ್ನು ಎತ್ತಿ ರ‍್ಯಾಂಪಿನ ಮೇಲೆ ಒಗೆಯಿತು. ಇಂಜಿನು ನೀರು ಕುಡಿದು ಸುಮ್ಮನಾಯಿತು. ಅವನು ಹೇಗೋ ಜಿಗಿದು ಉಳಿದುಕೊಂಡ.

ಮಾಮ ಕುಂಟುತ್ತ ಬಂದರು. ಬಂದವರು ನನ್ನ ಕಡೆ ನೋಡಲಿಲ್ಲ, ದೋಣಿಯವನನ್ನು ಬೈಯಲಿಲ್ಲ. ತಮ್ಮ ಪುಟ್ಟಿಯ ಕಡೆ ಕೈ ತೋರಿಸಿ, "ಎಳೀಬ್ಯಾಡ್ರಿ, ತಳ ಹರೀತೈತಿ. ಹೊತಗೊಂಡು ಬರ್ರಿ," ಎಂದರು. ಹೊತ್ತು ತಂದರು. ದೋಣಿಯವನಿಗೆ ಹುಟ್ಟು ಕೊಟ್ಟು, "ರೊಟ್ಟೀ ಮುಖಕ್ಕ ಕೂಡು," ಎಂದರು. ಅವನು ಸುಣ್ಣದ ಕಣ್ಣುಗಳ ಹಿಂದೆ ಮಂಡಿಯೂರಿ ಕೂತ. ಪುಟ್ಟಿಯ ಹಿಂಬದಿಗೆ ಕಟ್ಟಿದ ಹಗ್ಗವನ್ನು ನನ್ನ ಕೈಗೂ ಅತ್ತಿಯ ಕೈಗೂ ಕೊಟ್ಟು, ನಮ್ಮನ್ನು ದೂರ ಮೇಲಕ್ಕೆ ನಿಲ್ಲಿಸಿದರು. ನನ್ನ ಗಂಡನನ್ನೂ ಇನ್ನಿಬ್ಬರನ್ನೂ ಪುಟ್ಟಿಯ ಎಡಕ್ಕೆ ಬಲಕ್ಕೆ ನಿಲ್ಲಿಸಿ, "ಬಾಜೂಕ ನಿಲ್ರಿ. ಹಿಂದ ನಿಂತವನ ಕಾಲಾಗ ಬಟ್ಲ ಆಗತೈತಿ," ಎಂದರು. ತಾವು ಎದೆಮಟ್ಟ ನೀರಿಗಿಳಿದು ಪುಟ್ಟಿಯ ಅಂಚು ಹಿಡಿದು ಪಡುವಣಕ್ಕೆ ಮುಖ ಮಾಡಿ ನಿಂತರು.

ನಿಂತೇ ನಿಂತರು. ಅಲೆ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ನನ್ನಿಂದ ತಡೆಯಲಾಗಲಿಲ್ಲ.

"ಮಾಮಾ, ನನ್ನ ತಮ್ಮ ಹೋಗ್ತಾನ್ರಿ! ಏನು ನೋಡಾಕತ್ತೀರಿ?"

"ಅಲೆ ನೋಡಾಕತ್ತೀನಿ ತಾಯಿ. ಬೀಗರು ಹೋಗವಲ್ಲರು. ನೀನೂ ನೋಡು. ಹಗ್ಗ ಬಿಡಬ್ಯಾಡ."

ಅವರ ದನಿಯಲ್ಲಿ ಅವಸರ ಇರಲಿಲ್ಲ. ಅದನ್ನು ಕೇಳಿ ನಾನೂ ಹಗ್ಗ ಬಿಗಿಯಾಗಿ ಹಿಡಿದು ಅಲೆ ನೋಡತೊಡಗಿದೆ. ದೊಡ್ಡವೆಲ್ಲ ಬಂದು ಬಡಿದು ಹೋದವು. ನೀರು ಒಂದು ಗಳಿಗೆ ತಗ್ಗಿತು.

"ಹೂಂ!"

ಎಲ್ಲರೂ ಒಮ್ಮೆಲೇ ನೂಕಿದರು. ಪುಟ್ಟಿ ಕಣ್ಣು ತೆರೆದುಕೊಂಡು ನೆಟ್ಟಗೆ ಹೋಯಿತು. ಮುಂದಿನ ಅಲೆಗೆ ಅದು ಎದ್ದಿತು. ಅಡ್ಡ ತಿರುಗಲು ನೋಡಿದರೆ ಹಿಂದಿನ ಹಗ್ಗ ಹಿಡಿದ ನಾವು ಜಗ್ಗಿದೆವು, ಮತ್ತೆ ನೆಟ್ಟಗಾಯಿತು. "ಬಿಡ್ರಿ ಈಗ!" ಎಂದರು ಮಾಮ. ಹಗ್ಗ ಬಿಟ್ಟೆವು. ಅಷ್ಟು ಗಾಳಿಯಲ್ಲೂ ಪುಟ್ಟಿ ಗರಗರ ತಿರುಗಲಿಲ್ಲ. ದಿಬ್ಬದ ಕಡೆ ಸಣ್ಣದಾಗುತ್ತ ಹೋಯಿತು.

ಅದು ಮರಳಿ ಕಾಣಿಸಿದಾಗ ಅದರಲ್ಲಿ ಮೂರು ತಲೆ ಇದ್ದವು. ಒಂದಕ್ಕೆ ಕೋಡಿದ್ದವು. ನನ್ನ ತಮ್ಮ ತನ್ನ ಮುಂದಾಳು ಟಗರನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದ. ದಂಡೆ ಹತ್ತಿರವಾಗುತ್ತಲೇ ಮಾಮ ನೀರಿನೊಳಗಿಂದ ಕೂಗಿದರು: "ತಿರುಗಿಸೋ! ಮುಖ ಹೊಳೀಗೆ ಕೊಡು!" ದೋಣಿಯವನು ತಿರುಗಿಸಿದ. ಪುಟ್ಟಿ ಅಲೆಗೆ ಮುಖ ಕೊಟ್ಟು, ಹಿಂದೆ ಹಿಂದೆ ಸರಿಯುತ್ತ ಬಂದು ನಮ್ಮ ಕೈಗೆ ಹತ್ತಿತು.

"ಮನಿಷ್ಯಾ ಬಾರಪ್ಪ ಅಂದ್ರ ಬೀಗರನ್ನ ಕರ್ಕೊಂಡು ಬಂದೀಯಲ್ಲೋ," ಎಂದರು ಮಾಮ ಟಗರನ್ನು ನೋಡಿ.

"ಇದನ್ನ ಬಿಟ್ಟು ಬಂದ್ರ ಇದು ನನ್ನ ಹಿಂದ ನೀರಿಗೆ ಜಿಗೀತಿತ್ತು, ಉಳಿದವೂ ಇದರ ಹಿಂದ ಬೀಳತಿದ್ವು ಮಾಮಾ," ಎಂದ ತಮ್ಮ, ಹಲ್ಲು ಕಟಕಟ ಕಡಿಯುತ್ತ. ಮಾಮ "ಹೌದಲ್ಲ, ನಿಂದೂ ಖರೆ ಐತಿ," ಎಂದು ಅವನ ತಲೆ ಒರೆಸಿದರು. ಮಧ್ಯಾಹ್ನ ಗಾಳಿ ಇಳಿದ ಮೇಲೆ ಪುಟ್ಟಿ ಹೋಗಿ ಬಂದು, ಹೋಗಿ ಬಂದು ಉಳಿದ ಕುರಿಗಳನ್ನೂ ತಂದಿತು. ಕೆಲವು ಮರಿಗಳು ಮಾತ್ರ ಹೊಳೆಯ ಪಾಲಾದವು. ಆವತ್ತು ಸಂಜೆ ಕಟ್ಟೆಯ ಮೇಲೆ ನನ್ನ ತಮ್ಮ ತಗ್ಗಿನ ಕಥೆ ಕೇಳಲಿಲ್ಲ. ಆ ಕಾಲು ಒತ್ತುತ್ತ ಕೂತಿದ್ದ.

ಮಾಮ ತೀರಿಕೊಂಡದ್ದು ಚಳಿಗಾಲದಲ್ಲಿ. ಉಂಡು, ಅಡಕೆ ಹಾಕಿಕೊಂಡು, ಅತ್ತಿಯ ಕಡೆ ಮುಖ ಮಾಡಿ ಮಲಗಿದವರು ಏಳಲಿಲ್ಲ. "ಕಡೀಕ ಒಂದು ದಿನ ಬೆನ್ನು ಕೊಡಲಿಲ್ಲ," ಎಂದು ಅತ್ತಿ ಬಂದವರಿಗೆಲ್ಲ ಹೇಳಿದಳು. ಹೇಳಿ ಹೇಳಿ ಅತ್ತಳು.

ದಿನಕರ್ಮ ಮುಗಿದ ಮೇಲೆ ಗಂಗಮ್ಮನಿಗೆ ಎಡೆ ಬಿಡಲು ಅತ್ತಿ, ನಾನು, ನನ್ನ ತಮ್ಮ ಆ ಪುಟ್ಟಿಯಲ್ಲೇ ಹೋದೆವು. ಹುಟ್ಟು ಹಾಕಿದವನು ಫೈಬರ್ ದೋಣಿಯವನು. ಬರುವ ಮೊದಲೇ ಪುಟ್ಟಿಯ ಕಣ್ಣುಗಳಿಗೆ ಹೊಸ ಸುಣ್ಣ ಬಳಿದು ಇಟ್ಟಿದ್ದ. ನಡುಹೊಳೆಯಲ್ಲಿ ಅತ್ತಿ ಹೋಳಿಗೆ, ಅರಿಶಿನ, ಒಂದು ಹೋಳು ಅಡಕೆ ನೀರಿಗೆ ಬಿಟ್ಟಳು. ಗಾಳಿ ಇರಲಿಲ್ಲ. ಹೊಳೆ ತಟ್ಟೆಯ ಹಾಗೆ ಸುಮ್ಮನಿತ್ತು. ಹೇಗೆ ಬಂದರೂ ದಂಡೆ ಸೇರಬಹುದಿತ್ತು. ರ‍್ಯಾಂಪು ಹತ್ತಿರವಾದಾಗ ಅತ್ತಿ ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಹೇಳಿದಳು:

"ತಿರುಗಿಸಪ್ಪ."

ಅವನು ತಿರುಗಿಸಿದ. ಹೊಳೆಯನ್ನೇ ನೋಡುತ್ತ, ಹಿಂದೆ ಹಿಂದೆ ಸರಿಯುತ್ತ, ನಾವು ಮನೆಗೆ ಬಂದೆವು.